ಋಣವಿಲ್ಲದ ಸಿಹಿ ಉಂಟೆ?

ಸಿಹಿಯನ್ನು ಬಯಸದ ನಾಲಗೆ ಇಲ್ಲವೆನ್ನಬಹುದು. ತಾಯಿಯ ಹಾಲು ಕೂಸಿಗೆ ಮೊಟ್ಟಮೊದಲು ಪರಿಚಯ ಮಾಡಿಕೊಡುವ ರುಚಿಯೇ ಅದು. ನಮ್ಮ ಹಿರಿಯರು ಶುಭವೆಂಬುದನ್ನೆಲ್ಲ ಸಿಹಿಯೊಡನೆ ಗಂಟು ಹಾಕಿದ್ದು ಸುಮ್ಮನೆ ಅಲ್ಲ. ಸಂಕ್ರಮಣಕ್ಕೆ ಎಳ್ಳು-ಬೆಲ್ಲ, ಯುಗಾದಿಗೆ ಬೇವಿನೊಂದಿಗೆ ಬೆಲ್ಲ, ರಾಮನವಮಿಗೆ ಪಾನಕ, ತೊಟ್ಟಿಲು ಕಟ್ಟಿದ ಮನೆಯಲ್ಲಿ ಸಕ್ಕರೆ. ಆದರೆ ಆ ಸಿಹಿಗೆ ಯಾವಾಗಲೂ ಒಂದು ಲೆಕ್ಕವಿರುತ್ತಿತ್ತು. ಹಬ್ಬ ಬರಬೇಕು, ಕಬ್ಬು ಬಲಿಯಬೇಕು, ಕೈಯಲ್ಲಿ ಕಾಸಿರಬೇಕು. ಇಷ್ಟೆಲ್ಲ ಆಗಿ ಮಿತಿ ಮೀರಿ ಉಂಡರೆ ಮೈಯೇ ಅದರ ದಂಡ ವಸೂಲು ಮಾಡುತ್ತಿತ್ತು. ಸಿಹಿ ಉಂಡವನು ಯಾವುದಾದರೊಂದು ರೂಪದಲ್ಲಿ ಅದರ ಋಣ ತೀರಿಸಲೇಬೇಕೆಂಬುದು ಸೃಷ್ಟಿನಿಯಮವೋ ಎಂಬಂತೆ ನಡೆದುಬಂದಿತ್ತು.

ಈಗ ಕಾಲ ಬದಲಾಗಿದೆ. ಘಣಸೋಲಿ ಸ್ಟೇಶನ್ನಿನಲ್ಲಿ ಇಳಿದು ಸೆಕ್ಟರುಗಳ ಕಡೆ ನಡೆದು ಬರುವವರು ದಾರಿಯ ಯಾವುದೇ ಅಂಗಡಿಯ ಫ್ರಿಜ್ಜಿನೊಳಗೆ ಇಣುಕಿ ನೋಡಬಹುದು. ಸಾಲಾಗಿ ನಿಂತ ಪಾನೀಯಗಳಲ್ಲಿ ಕೆಲವುಗಳ ಮೇಲೆ 'ಡಯಟ್' ಎಂದೂ ಇನ್ನು ಕೆಲವುಗಳ ಮೇಲೆ 'ಝೀರೋ' ಎಂದೂ ದಪ್ಪಕ್ಷರ. ಒಂದು ಕಾಲಕ್ಕೆ ಉಳ್ಳವರ ಮನೆಯ ಡಬ್ಬಿಗಳಲ್ಲಷ್ಟೇ ಕಾಣುತ್ತಿದ್ದ ಈ ಸರಕು ಈಗ ಹತ್ತು ರೂಪಾಯಿಯ ಪುಟ್ಟ ಬಾಟಲಿಯಾಗಿ ಟ್ಯೂಶನ್ನಿಗೆ ಹೋಗುವ ಹುಡುಗರ ಕೈಗೂ ಬಂದಿದೆ. ಸಕ್ಕರೆಯ ರುಚಿ ಇದೆ, ಸಕ್ಕರೆ ಇಲ್ಲ. ಅಂದರೆ ಋಣವಿಲ್ಲದ ಸಿಹಿ. ಇಂಥದೊಂದು ಇರಲು ಸಾಧ್ಯವೆ, ಇದ್ದರೆ ಅದನ್ನು ಮನಸ್ಸಿಗೆ ಅಳುಕಿಲ್ಲದೆ ಕುಡಿಯಬಹುದೆ, ಮಕ್ಕಳಿಗೆ ಕುಡಿಸಬಹುದೆ ಎಂಬುದು ನನ್ನನ್ನು ಕೆಲವು ತಿಂಗಳಿಂದ ಕಾಡುತ್ತಿರುವ ಪ್ರಶ್ನೆ.

ನಾನು ಓದಿದ್ದು ರಸಾಯನಶಾಸ್ತ್ರದ ಬಿ.ಎಸ್‌ಸಿ.; ಹೊಟ್ಟೆಪಾಡಿಗೆ ಮಾಡುತ್ತಿರುವುದು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ. ವಿಚಿತ್ರವೆಂದರೆ ಈ 'ಝೀರೋ' ವಿಷಯದಲ್ಲಿ ಪದವಿಗಿಂತ ಗುಮಾಸ್ತಿಕೆಯೇ ನನಗೆ ಹೆಚ್ಚು ನೆರವಾಗಿದೆ. ನಮ್ಮ ಕಚೇರಿಗಳಲ್ಲಿ 'ನಿಲ್ ರಿಪೋರ್ಟ್' ಎಂಬುದೊಂದು ಉಂಟು. ಮೇಲಿನವರು ಒಂದು ನಮೂನೆ ಕಳಿಸಿ ಇಂಥ ಶೀರ್ಷಿಕೆಯಡಿ ಎಷ್ಟು ಪ್ರಕರಣಗಳಿವೆ ಎಂದು ಕೇಳುತ್ತಾರೆ. ಆ ಶೀರ್ಷಿಕೆಯಡಿ ಏನೂ ಇಲ್ಲದಿದ್ದರೆ 'ನಿಲ್' ಎಂದು ಬರೆದು ಸಹಿ ಹಾಕಿ ಕಳಿಸುತ್ತೇವೆ. ಕಚೇರಿಯಲ್ಲಿ ಏನೂ ನಡೆದಿಲ್ಲವೆಂದು ಅದರ ಅರ್ಥವಲ್ಲ. ಆ ಒಂದು ಕಾಲಮ್ಮಿನಲ್ಲಿ ಬರೆಯುವಂಥದು ಇಲ್ಲವೆಂದಷ್ಟೇ. ಪಾನೀಯದ ಬಾಟಲಿಯ ಮೇಲಿನ ಶೂನ್ಯವೂ ಅದೇ ಜಾತಿಯದು. ಸಕ್ಕರೆಯ ಕಾಲಮ್ಮಿನಲ್ಲಿ ಅದು ನಿಜವಾಗಿಯೂ ಶೂನ್ಯ. ಸಾಮಾನ್ಯ ಕೋಲಾ ಪಾನೀಯದ 300 ಮಿಲಿಲೀಟರಿನಲ್ಲಿ ಸುಮಾರು 30 ಗ್ರಾಂ, ಅಂದರೆ ಆರೇಳು ಚಮಚ ಸಕ್ಕರೆ ಇರುವಾಗ ಈ ಶೂನ್ಯ ಸಣ್ಣ ಸಾಧನೆಯೇನೂ ಅಲ್ಲ. ಉಳಿದ ಕಾಲಮ್ಮುಗಳು ಯಾವುವು, ಅವನ್ನು ತುಂಬುವವರು ಯಾರು ಎಂಬುದನ್ನು ನಾವು ಕೇಳುವುದಿಲ್ಲ, ಅಷ್ಟೆ.

ಈ ಕೃತಕ ಸಿಹಿಗಳ ಜನ್ಮವೃತ್ತಾಂತ ಸ್ವಾರಸ್ಯವಾಗಿದೆ. ಇವುಗಳಲ್ಲಿ ಹಿರಿಯದಾದ ಸ್ಯಾಕರಿನ್ ಕಂಡುಬಂದದ್ದು 1879ರಲ್ಲಿ, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ. ಕಲ್ಲಿದ್ದಲ ಡಾಂಬರಿನ ರಾಸಾಯನಿಕಗಳ ಮೇಲೆ ಕೆಲಸ ಮಾಡುತ್ತಿದ್ದ ಫಾಲ್‌ಬರ್ಗ್ ಎಂಬಾತ ಊಟಕ್ಕೆ ಕುಳಿತಾಗ ಕೈಯೆಲ್ಲ ಸಿಹಿಯಾಗಿತ್ತು. 1937ರಲ್ಲಿ ಸೈಕ್ಲಮೇಟ್ ಸಿಕ್ಕಿದ್ದು ಪ್ರಯೋಗಶಾಲೆಯ ಮೇಜಿನ ಮೇಲಿಟ್ಟ ಸಿಗರೇಟು ತುಟಿಗೆ ಸಿಹಿ ಹತ್ತಿದಾಗ. 1965ರಲ್ಲಿ ಹುಣ್ಣಿನ ಔಷಧಿ ಹುಡುಕುತ್ತಿದ್ದ ಶ್ಲ್ಯಾಟರ್ ಕಾಗದ ತೆಗೆಯಲು ಬೆರಳು ನೆಕ್ಕಿ ಆಸ್ಪರ್ಟೇಮನ್ನು ಕಂಡುಹಿಡಿದ. ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿಯಾದ ಸುಕ್ರಲೋಸಿನ ಕಥೆಯಲ್ಲಿ ನಮ್ಮವರೇ ಒಬ್ಬರಿದ್ದಾರೆ: 1976ರಲ್ಲಿ ಲಂಡನ್ನಿನ ಕ್ವೀನ್ ಎಲಿಝಬೆತ್ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದ ಶಶಿಕಾಂತ ಫಡ್ನಿಸ್. ವಸ್ತುವನ್ನು 'ಟೆಸ್ಟ್' ಮಾಡು ಎಂದು ಹೇಳಿದ್ದು ಇವರ ಕಿವಿಗೆ 'ಟೇಸ್ಟ್' ಎಂದು ಬಿದ್ದು ರುಚಿ ನೋಡಿಯೇ ಬಿಟ್ಟರಂತೆ. ನಮ್ಮ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಮುಗಿದ ಕೂಡಲೇ ಕೈ ತೊಳೆಯಿರೆಂದು ಮೇಷ್ಟ್ರು ಗದರಿಸುತ್ತಿದ್ದರು. ಜಗತ್ತಿನ ಕೃತಕ ಸಿಹಿಯ ಉದ್ಯಮ ಬಹುಮಟ್ಟಿಗೆ ಆ ಮಾತನ್ನು ಕೇಳದವರ ಕೊಡುಗೆ.

ಹೀಗೆ ಬಂದ ಸಿಹಿಯನ್ನು ಲೋಕ ಹೇಗೆ ಬರಮಾಡಿಕೊಂಡಿತೆಂಬುದಕ್ಕೆ 1977ನೇ ಇಸವಿಯನ್ನು ನೋಡಬೇಕು. ಆ ವರ್ಷ ನಮ್ಮ ದೇಶದಲ್ಲಿ ಕೋಲಾದ ರಾಜಕೀಯ ಜೋರಾಗಿತ್ತು. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯ ಕಾರ್ಮಿಕರ ನಡುವೆ ನಾಯಕರಾಗಿ ಬೆಳೆದ ಜಾರ್ಜ್ ಫರ್ನಾಂಡಿಸರು ಕೇಂದ್ರದಲ್ಲಿ ಕೈಗಾರಿಕಾ ಮಂತ್ರಿ. ವಿದೇಶಿ ವಿನಿಮಯ ಕಾನೂನಿನಂತೆ ಬಂಡವಾಳದ ಪಾಲು ಇಳಿಸಲು ಒಪ್ಪದ ಕೋಕಾ-ಕೋಲಾ ದೇಶ ಬಿಟ್ಟಿತು. ಅದರ ಜಾಗಕ್ಕೆ ಸರ್ಕಾರವೇ ತಂದ 'ಡಬಲ್ ಸೆವೆನ್' ಪಾನೀಯದ ಪಾಕವನ್ನು ಸಿದ್ಧಪಡಿಸಿದ್ದು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯ. ಅದು ಬಹುಕಾಲ ಬಾಳಲಿಲ್ಲ. 1993ರಲ್ಲಿ ಕೋಕಾ-ಕೋಲಾ ಮರಳಿ ಬಂತು. ಅದೇ 1977ರಲ್ಲಿ ಅಮೆರಿಕದಲ್ಲಿ ನಡೆದದ್ದು ಬೇರೆಯೇ ಗಲಾಟೆ. ಇಲಿಗಳ ಮೂತ್ರಕೋಶದಲ್ಲಿ ಗೆಡ್ಡೆ ಕಂಡುಬಂದ ಕಾರಣಕ್ಕೆ ಅಲ್ಲಿನ ಆಹಾರ ಇಲಾಖೆ ಸ್ಯಾಕರಿನ್ ನಿಷೇಧಿಸಹೊರಟಾಗ ಜನ ಅಮೆರಿಕದ ಸಂಸತ್ತಿಗೆ ಪತ್ರಗಳ ಸುರಿಮಳೆಗರೆದು ಅದನ್ನು ಉಳಿಸಿಕೊಂಡರು. ಎಚ್ಚರಿಕೆಯ ಚೀಟಿ ಹಚ್ಚಿ ಮಾರಬಹುದೆಂದು ತೀರ್ಮಾನವಾಯಿತು. ಮುಂದೆ ಇಲಿಗಳಿಗಾದದ್ದು ಇಲಿಗಳ ಶರೀರರಚನೆಯ ವಿಶೇಷ, ಮನುಷ್ಯರಿಗೆ ಅನ್ವಯಿಸದೆಂದು ತಿಳಿದು 2000ದಲ್ಲಿ ಆ ಚೀಟಿಯನ್ನೂ ತೆಗೆದರು. ಜನ ಗೆದ್ದದ್ದು ಸರಿಯಾಯಿತೆಂದೇ ಅನ್ನೋಣ. ಆದರೂ ವಿಷವೋ ಅಲ್ಲವೋ ಇನ್ನೂ ಗೊತ್ತಿಲ್ಲದ ಆ ದಿನ ಅವರು ಬೇಡಿದ್ದು ಏನನ್ನು? ಇಲ್ಲಿ ನಾವು ಬಾಟಲಿಯ ಒಡೆಯ ಯಾರೆಂದು ಜಗಳಾಡುತ್ತಿದ್ದಾಗ, ಅಲ್ಲಿ ಒಂದು ಇಡೀ ಸಮಾಜ ಸಿಹಿಯಿಲ್ಲದೆ ಒಂದು ದಿನವೂ ಇರಲಾರೆವೆಂದು ಸಹಿ ಹಾಕಿ ಕಳಿಸಿತ್ತು.

ಆರೋಗ್ಯದ ವಿಚಾರದಲ್ಲಿ ಇಂದಿನ ತಿಳುವಳಿಕೆ ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳುವುದು ಅಗತ್ಯ. ಏಕೆಂದರೆ ಮೊಬೈಲಿನಲ್ಲಿ ಬರುವ ಸಂದೇಶಗಳು ಒಂದು ದಿನ ಇದನ್ನು ಅಮೃತವೆಂದರೆ ಮರುದಿನ ಕ್ಯಾನ್ಸರ್ ಎನ್ನುತ್ತವೆ. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಆಸ್ಪರ್ಟೇಮನ್ನು 'ಕ್ಯಾನ್ಸರ್ ತರಬಹುದಾದ ಸಾಧ್ಯತೆ ಇದೆ' ಎಂಬ ಗುಂಪಿಗೆ ಸೇರಿಸಿತು. ಲೋಳೆಸರದ ಇಡೀ ಎಲೆಯ ಸಾರವೂ ಇರುವ ಗುಂಪು ಅದು. ಸಾಕ್ಷ್ಯ ಅಪೂರ್ಣವಾಗಿದೆ ಎಂಬುದೇ ಅದರ ತಾತ್ಪರ್ಯ. ಅದೇ ದಿನ ಇನ್ನೊಂದು ತಜ್ಞಸಮಿತಿ ದಿನಕ್ಕೆ ದೇಹತೂಕದ ಕಿಲೋಗೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಬದಲಿಸಬೇಕಾಗಿಲ್ಲವೆಂದಿತು. ಒಂದು ಡಬ್ಬಿಯಲ್ಲಿ 200ರಿಂದ 300 ಮಿಲಿಗ್ರಾಂ ಇದೆಯೆಂದುಕೊಂಡರೆ 70 ಕಿಲೋ ತೂಕದ ವಯಸ್ಕ ಆ ಮಿತಿ ದಾಟಲು ದಿನಕ್ಕೆ 9ರಿಂದ 14 ಡಬ್ಬಿ ಕುಡಿಯಬೇಕು. ಗಾಬರಿಪಡುವಂಥದೇನಿಲ್ಲ. ಆದರೆ ಅದೇ ಭಾಗಾಕಾರವನ್ನು 20 ಕಿಲೋ ತೂಕದ ಮಗುವಿಗೆ ಮಾಡಿ ನೋಡಿ: ಮೂರೋ ನಾಲ್ಕೋ ಡಬ್ಬಿ. ರಜೆಯ ದಿನ, ಹುಟ್ಟುಹಬ್ಬದ ದಿನ ಆ ಸಂಖ್ಯೆ ಅಷ್ಟೇನೂ ದೂರವಿಲ್ಲ.

ನನಗೆ ಕ್ಯಾನ್ಸರಿನ ಸುದ್ದಿಗಿಂತ ಮುಖ್ಯವೆನಿಸಿದ್ದು ಅದಕ್ಕೆ ಎರಡು ತಿಂಗಳ ಮುಂಚೆ, 2023ರ ಮೇ ತಿಂಗಳಲ್ಲಿ, ಅದೇ ಸಂಸ್ಥೆ ಹೊರಡಿಸಿದ ಸಲಹೆ. ತೂಕ ಇಳಿಸುವ ಉದ್ದೇಶದಿಂದ ಈ ಸಿಹಿಗಳನ್ನು ಬಳಸಬೇಡಿ ಎಂಬುದು ಅದರ ಸಾರ. ಕೆಲವು ತಿಂಗಳ ಪ್ರಯೋಗಗಳಲ್ಲಿ ತೂಕ ತುಸು ಇಳಿದದ್ದುಂಟು. ಹತ್ತಾರು ವರ್ಷ ಜನರನ್ನು ಗಮನಿಸಿದ ಅಧ್ಯಯನಗಳಲ್ಲಿ ಲಾಭ ಕಾಣಲಿಲ್ಲ, ಬದಲಿಗೆ ಇವನ್ನು ಹೆಚ್ಚು ಬಳಸಿದವರಲ್ಲಿ ಮಧುಮೇಹ ಮತ್ತು ಹೃದ್ರೋಗ ಹೆಚ್ಚಾಗಿಯೇ ಕಂಡವು. ಇಲ್ಲಿ ಒಂದು ಎಚ್ಚರ ಬೇಕು. ಕೊಡೆ ಹಿಡಿದವರು ಹೆಚ್ಚಿರುವ ದಿನ ಮಳೆ ಬರುತ್ತದೆ. ಕೊಡೆಯಿಂದ ಮಳೆ ಬಂತೆನ್ನಲಾದೀತೆ? ಮೈ ತೂಕದವರು, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿರುವವರೇ ಡಯಟ್ ಪಾನೀಯದ ಕಡೆ ಹೋಗುವುದರಿಂದ ಕಾರಣ ಯಾವುದು ಕಾರ್ಯ ಯಾವುದೆಂದು ಬಿಡಿಸುವುದು ಕಷ್ಟ. ಇಸ್ರೇಲಿನ ವಿಜ್ಞಾನಿಗಳು 2022ರಲ್ಲಿ 120 ಜನ ಆರೋಗ್ಯವಂತರ ಮೇಲೆ ನಡೆಸಿದ ಪ್ರಯೋಗದಲ್ಲಿ ಸ್ಯಾಕರಿನ್ ಮತ್ತು ಸುಕ್ರಲೋಸ್ ಕರುಳಿನ ಸೂಕ್ಷ್ಮಜೀವಿಗಳನ್ನು ಬದಲಿಸಿ, ಕೆಲವರಲ್ಲಿ ರಕ್ತದ ಸಕ್ಕರೆಯ ನಿಯಂತ್ರಣವನ್ನೂ ಏರುಪೇರು ಮಾಡಿದ್ದು ಕಂಡಿತು. ಎಲ್ಲರಲ್ಲಿ ಅಲ್ಲ, ಕೆಲವರಲ್ಲಿ. ಮೈಗೆ ಈ ಸಿಹಿ ಪೂರ್ತಿ ಲೆಕ್ಕಕ್ಕಿಲ್ಲದ ಅತಿಥಿಯಲ್ಲ ಎಂಬಷ್ಟನ್ನು ಇದರಿಂದ ತಿಳಿಯಬಹುದು.

ಗಮನಿಸಬೇಕಾದ ಮಾತೊಂದಿದೆ. ಆ ಸಲಹೆ ಈಗಾಗಲೇ ಮಧುಮೇಹ ಇರುವವರಿಗೆ ಅನ್ವಯಿಸುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಸ್ಪಷ್ಟಪಡಿಸಿದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ 10 ಲಕ್ಷ. ಇನ್ನೂ 13 ಕೋಟಿ 60 ಲಕ್ಷ ಮಂದಿ ಹೊಸ್ತಿಲಲ್ಲಿದ್ದಾರೆ. ಇವರ ಮುಂದೆ ನಿಂತು ಸಿಹಿಯ ವೈರಾಗ್ಯ ಬೋಧಿಸುವುದು ಆರೋಗ್ಯವಂತನಿಗೆ ಸುಲಭ. ಡೊಂಬಿವಲಿಯಲ್ಲಿರುವ ನಮ್ಮ ಕಾಕಾ ಇಪ್ಪತ್ತು ವರ್ಷದ ಮಧುಮೇಹಿ. ಕಲ್ಯಾಣದಲ್ಲಿ ನಡೆದ ಮದುವೆಯೊಂದರ ಪಂಕ್ತಿಯಲ್ಲಿ ಬಡಿಸುವ ಹುಡುಗ ಅವರ ಎಲೆಯ ಹತ್ತಿರ ಬಂದು, ಯಾರೋ ಕಣ್ಸನ್ನೆ ಮಾಡಿದ್ದರಿಂದ, ಹೋಳಿಗೆ ಹಾಕದೆ ಮುಂದಕ್ಕೆ ಹೋದ. ಕಾಕಾ ಆಗ ಏನೂ ಅನ್ನಲಿಲ್ಲ. ಆಮೇಲೆ ಝೀರೋ ಪಾನೀಯದ ಗ್ಲಾಸು ಹಿಡಿದು ನನಗೆ ಹೇಳಿದರು: "ತಮ್ಮಾ, ಇದರಾಗ ಏನ ರುಚಿ ಐತಿ ಅಂತ ಕುಡಿಯಾಂಗಿಲ್ಲ. ಎಲ್ಲಾರ ಕೈಯಾಗೂ ಒಂದ ಗ್ಲಾಸ್ ಇರತೈತಿ, ನನ್ನ ಕೈಯಾಗೂ ಒಂದ ಇರಲಿ ಅಂತ." ಪಂಕ್ತಿಭೇದವನ್ನು ಇಷ್ಟು ಸರಳವಾಗಿ ಯಾವ ಗ್ರಂಥವೂ ನನಗೆ ತಿಳಿಸಿಕೊಟ್ಟಿರಲಿಲ್ಲ. ರೋಗಿಯ ಕೈಯ ಆ ಗ್ಲಾಸು ಊರುಗೋಲಿದ್ದ ಹಾಗೆ. ಅದನ್ನು ಕಸಿದುಕೊಳ್ಳುವ ನೀತಿ ನನಗೆ ಬೇಡ.

ಊರುಗೋಲು ಕುಂಟನಿಗೆ ಆಧಾರ. ಕಾಲು ಗಟ್ಟಿ ಇರುವ ಹುಡುಗನ ಕೈಗೆ ಅದನ್ನು ಕೊಟ್ಟರೇನು ಎಂಬುದು ಮುಂದಿನ ಪ್ರಶ್ನೆ. ಈ ಪ್ರಶ್ನೆ ನಮ್ಮ ಮುಂದೆ ನಿಜವಾಗಿಯೇ ಬಂತು. ನಮ್ಮ ಭಾಗದ ಕನ್ನಡ ಕುಟುಂಬಗಳು ಸೇರಿ ವರ್ಷಕ್ಕೊಮ್ಮೆ ಮಕ್ಕಳ ಆಟೋಟ ಏರ್ಪಡಿಸುವುದುಂಟು. ಗೋಣಿಚೀಲದ ಓಟ, ಚಮಚ-ನಿಂಬೆಹಣ್ಣು, ಹಗ್ಗ-ಜಗ್ಗಾಟ, ಕೊನೆಗೆ ಕನ್ನಡ ಅಕ್ಷರ ಬರೆಯುವ ಸ್ಪರ್ಧೆ. ಈ ಸಲ ಪಾನೀಯದ ಏಜೆನ್ಸಿ ಇಟ್ಟುಕೊಂಡಿರುವ ಪರಿಚಯಸ್ಥರೊಬ್ಬರು ಸಕ್ಕರೆರಹಿತ ಪಾನೀಯದ ಹತ್ತು ಪೆಟ್ಟಿಗೆಗಳನ್ನು ಉಚಿತವಾಗಿ ಕೊಡಲು ಮುಂದೆ ಬಂದರು. ಬ್ಯಾನರೂ ಅವರದೇ. ಲೆಕ್ಕ ಬರೆಯುವ ಕೆಲಸ ನನ್ನದಾದ್ದರಿಂದ ಉಳಿತಾಯ ಎಷ್ಟೆಂಬುದು ನನಗೆ ತಕ್ಷಣ ಹೊಳೆಯಿತು. ಆದರೂ ಬಾಟಲಿಯನ್ನು ತಿರುಗಿಸಿ ಸಣ್ಣಕ್ಷರ ಓದಿದೆವು. ಇದರಲ್ಲಿ ಇಂಥ ಕೃತಕ ಸಿಹಿ ಇದೆ, ಮಕ್ಕಳಿಗೆ ಶಿಫಾರಸು ಮಾಡುವುದಿಲ್ಲ ಎಂಬ ಒಕ್ಕಣೆ. ಆಸ್ಪರ್ಟೇಮ್ ಇದ್ದರೆ ಫಿನೈಲ್‌ಕೀಟೋನ್ಯೂರಿಯ ಎಂಬ ಹುಟ್ಟುರೋಗ ಇರುವವರಿಗೆ ಕೂಡದೆಂದೂ ನಮೂದಿಸಬೇಕು. ಇದು ನಮ್ಮ ದೇಶದ ಲೇಬಲ್ ನಿಯಮ ಬಹಳ ವರ್ಷಗಳಿಂದ ಹೇಳಿಕೊಂಡು ಬಂದದ್ದು. ಆ ಅಕ್ಷರಗಳ ಗಾತ್ರ ನೋಡಿದರೆ ಚಾಳೀಸು ಬಂದ ನನ್ನಂಥವರು ಓದಬಾರದೆಂದೇ ಅಚ್ಚು ಹಾಕಿದಂತಿತ್ತು.

ಸಭೆಯಲ್ಲಿ ಒಬ್ಬ ತಾಯಿ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಕುಳಿತಿದೆ. ಮೊದಲು ಮಗ ಬಾಟಲಿ ಬೇಡಿದರೆ "ಸಕ್ಕರೆ ಜಾಸ್ತಿ, ಬೇಡ" ಎನ್ನುತ್ತಿದ್ದರಂತೆ. ಈಗ ಅವನು, "ಅಮ್ಮಾ, ಇದು ಝೀರೋ" ಎನ್ನುತ್ತಾನೆ. "ಬೇಡ ಅನ್ನೋಕೆ ನನ್ನ ಹತ್ರ ಕಾರಣಾನೇ ಉಳಿದಿಲ್ಲ" ಎಂದರು ಆಕೆ. ಸರಿಯಾಗಿ ಯೋಚಿಸಿದರೆ ಬಾಟಲಿಯ ಶೂನ್ಯ ಕಳೆದುಹಾಕಿದ್ದು ಸಕ್ಕರೆಯನ್ನು ಮಾತ್ರವಲ್ಲ. 'ಇವತ್ತು ಬೇಡ, ಹಬ್ಬಕ್ಕೆ' ಎನ್ನುವ ಆ ಸಣ್ಣ ಮಾತನ್ನೂ ಅದು ಮನೆಯಿಂದ ಕಳೆಯಿತು. ನಾಲಗೆಗೆ ದಿನವೂ ಹಬ್ಬ. ಎಲ್ಲಕ್ಕೂ 600 ಪಟ್ಟು ಸಿಹಿಯನ್ನು ಅಳತೆಗೋಲು ಮಾಡಿಕೊಂಡ ನಾಲಗೆಗೆ ಮುಂದೆ ಪೇರಲೆಹಣ್ಣು ಹಣ್ಣೆನಿಸುತ್ತದೆಯೆ?

ಆದರೆ ಪರಿಣಾಮವಿಲ್ಲದ ಸುಖವೆಲ್ಲ ತಪ್ಪೆಂದು ಹೇಳುವವರ ಪಂಗಡಕ್ಕೆ ನಾನು ಸೇರಿದವನಲ್ಲ. ನಾಟಕ ನೋಡಿ ಅಳುತ್ತೇವೆ. ಸತ್ತವರು ಯಾರೂ ಇಲ್ಲ. ದುಃಖವಿಲ್ಲದ ಆ ಕಣ್ಣೀರನ್ನು ನಮ್ಮ ಅಲಂಕಾರಶಾಸ್ತ್ರದವರು ರಸವೆಂದು ಕೊಂಡಾಡಿದ್ದಾರೆ. ಕಾರಣವಿಲ್ಲದ ಕಣ್ಣೀರು ಸರಿಯಾದರೆ ಸಕ್ಕರೆಯಿಲ್ಲದ ಸಿಹಿಯೇಕೆ ಸರಿಯಲ್ಲ? ಈ ಆಕ್ಷೇಪಕ್ಕೆ ನನಗೆ ಹೊಳೆಯುವ ಉತ್ತರ ಇಷ್ಟು. ನಾಟಕದಿಂದ ಎದ್ದು ಬಂದವನಿಗೆ ತಾನು ಕಂಡದ್ದು ನಾಟಕವೆಂಬ ಅರಿವಿರುತ್ತದೆ, ಪರದೆ ಬೀಳುತ್ತದೆ. ಈ ಸಿಹಿಗೆ ಪರದೆ ಬೀಳುವುದಿಲ್ಲ. ಅದು ನಮ್ಮ ಏಕಾದಶಿಯ ಉಪವಾಸಕ್ಕೆ ಹತ್ತಿರವಾದದ್ದು. ಉಪವಾಸವೆಂದು ಸಾಬೂದಾಣೆಯ ಖಿಚಡಿ, ಶೇಂಗಾದ ಉಂಡೆ, ಬಟಾಟೆಯ ಚಿವಡಾ ಸೇರಿ ಊಟದ ದಿನಕ್ಕಿಂತ ಒಂದು ತುತ್ತು ಹೆಚ್ಚೇ ಒಳಗೆ ಹೋಗುತ್ತದೆ. 'ಏಕಾದಶಿ ಆಣಿ ದುಪ್ಪಟ್ ಖಾಶಿ' ಎಂದು ನೆರೆಯ ಮರಾಠಿಗರು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುತ್ತಾರೆ. ಝೀರೋ ಕುಡಿದೆನಲ್ಲ ಎಂದು ಜೊತೆಗೆ ಎರಡು ವಡಾಪಾವ್ ಹೆಚ್ಚು ತಿನ್ನುವವರನ್ನು ನಾನು ಪ್ರತಿ ಸಂಜೆ ರಬಾಳೆ ಸ್ಟೇಶನ್ನಿನ ಹೊರಗೆ ಕಾಣುತ್ತೇನೆ.

ಇಷ್ಟೂ ಕುಡಿಯುವವನ ಮೈಗೂ ಮನಸ್ಸಿಗೂ ಸೇರಿದ ಮಾತಾಯಿತು. ಅವನವನ ಮೈ, ಅವನವನ ಇಷ್ಟ ಎಂದರೆ ಒಪ್ಪೋಣ. ಆದರೆ ಸಿಹಿ ಅವನಲ್ಲೇ ಮುಗಿಯುವುದಿಲ್ಲ. ಇಲ್ಲಿ ನನ್ನ ಬಿ.ಎಸ್‌ಸಿ. ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಸುಕ್ರಲೋಸ್ ಎಂದರೆ ಸಕ್ಕರೆಯ ಅಣುವೇ. ಅದರ ಮೂರು ಹೈಡ್ರಾಕ್ಸಿಲ್ ಗುಂಪುಗಳನ್ನು ಕಿತ್ತು ಆ ಜಾಗದಲ್ಲಿ ಮೂರು ಕ್ಲೋರಿನ್ ಪರಮಾಣುಗಳನ್ನು ಕೂರಿಸಿದ್ದಾರೆ. ನಾಲಗೆ ಅದನ್ನು ಸಕ್ಕರೆಯೆಂದು ಗುರುತಿಸುತ್ತದೆ. ಹೊಟ್ಟೆಯ ಪಾಚಕಗಳಿಗೆ ಗುರುತು ಸಿಗುವುದಿಲ್ಲ. ಕುಡಿದುದರಲ್ಲಿ ಸುಮಾರು 85 ಭಾಗ ಕರುಳಿನಿಂದ ರಕ್ತಕ್ಕೆ ಸೇರದೆಯೇ ಹೊರಬೀಳುತ್ತದೆ. ಸೇರಿದ್ದರಲ್ಲಿಯೂ ಹೆಚ್ಚಿನದು ಮೂತ್ರದಲ್ಲಿ ಹಾಗೆಯೇ ಹೋಗುತ್ತದೆ. ಕಚೇರಿಯ ಭಾಷೆಯಲ್ಲಿ ಹೇಳಬೇಕೆಂದರೆ ಫೈಲು ಬಂತು, ಯಾರೂ ಟಿಪ್ಪಣಿ ಬರೆಯಲಿಲ್ಲ, ಮುಂದಿನ ಟೇಬಲಿಗೆ ರವಾನೆಯಾಯಿತು. 'ಮೈಗೆ ಹತ್ತುವುದಿಲ್ಲ' ಎಂಬುದನ್ನೇ ನಾವು ಅದರ ಗುಣವೆಂದು ಕೊಂಡಾಡುತ್ತೇವೆ.

ಮುಂದಿನ ಟೇಬಲು ಎಂದರೆ ಚರಂಡಿಯ ನೀರನ್ನು ಶುದ್ಧ ಮಾಡುವ ಘಟಕ. ಅಲ್ಲಿ ದುಡಿಯುವವು ಬ್ಯಾಕ್ಟೀರಿಯಾಗಳು. ಗಾಳಿ ಊದಿ ಅವನ್ನು ಸಾಕಿದರೆ ಕೊಳಕನ್ನೆಲ್ಲ ತಿಂದು ನೀರನ್ನು ತಿಳಿಯಾಗಿಸುತ್ತವೆ. ಸಕ್ಕರೆ ಬಂದರೆ ಅವಕ್ಕೆ ಔತಣ. ಕ್ಲೋರಿನ್ ತೊಟ್ಟ ಈ ಸಕ್ಕರೆಯನ್ನು ಅವು ಹೆಚ್ಚಾಗಿ ಮುಟ್ಟುವುದಿಲ್ಲ. ಮತ್ತೆ ರವಾನೆ. ಯುರೋಪಿನ ಹಲವು ನದಿಗಳ ನೀರಿನಲ್ಲಿ ಲೀಟರಿಗೆ ಒಂದು ಮೈಕ್ರೋಗ್ರಾಂವರೆಗೆ ಸುಕ್ರಲೋಸ್ ಇರುವುದು ಹದಿನೈದು ವರ್ಷಗಳಿಗೂ ಹಿಂದೆಯೇ ಪತ್ತೆಯಾಗಿದೆ. ಡಯಟ್ ಪಾನೀಯಗಳ ಇನ್ನೊಂದು ಸಿಹಿಯಾದ ಅಸಿಸಲ್ಫೇಮ್ ಅಂತೂ, ಬಾವಿಯ ನೀರಿಗೆ ಚರಂಡಿ ಸೇರಿದೆಯೇ ಎಂದು ಪರೀಕ್ಷಿಸುವ ಗುರುತಿನ ಚೀಟಿಯೇ ಆಗಿಬಿಟ್ಟಿದೆ. 2009ರಲ್ಲಿ ಸ್ವಿಟ್ಜರ್‌ಲೆಂಡಿನವರು ಇದನ್ನು ತೋರಿಸಿಕೊಟ್ಟರು. ಮನುಷ್ಯರು ಕುಡಿದು ಬಿಟ್ಟದ್ದಲ್ಲದೆ ಅದು ಬೇರೆಲ್ಲಿಂದ ಬಂದೀತು? ನ್ಯಾಯವಾಗಿ ಇನ್ನೆರಡು ಮಾತು ಸೇರಿಸಬೇಕು. ಆಸ್ಪರ್ಟೇಮ್ ಹೀಗೆ ಉಳಿಯುವುದಿಲ್ಲ, ಹೊಟ್ಟೆಯಲ್ಲೇ ಒಡೆದುಹೋಗುತ್ತದೆ. ಅಸಿಸಲ್ಫೇಮನ್ನು ತಿಂದು ಅರಗಿಸುವುದನ್ನು ಕೆಲವೆಡೆಯ ಬ್ಯಾಕ್ಟೀರಿಯಾಗಳು ಇತ್ತೀಚಿನ ವರ್ಷಗಳಲ್ಲಿ ಕಲಿತುಕೊಂಡಿವೆ. ನಮ್ಮ ಎಂಜಲು ತೊಳೆಯುವ ವಿದ್ಯೆಯನ್ನು ಕಣ್ಣಿಗೆ ಕಾಣದ ಜೀವಿಗಳು ಹೊಸದಾಗಿ ಕಲಿಯಬೇಕಾಗಿ ಬಂದಿದೆ!

ನವಿ ಮುಂಬಯಿಯಲ್ಲಿ ಈ ಕೊನೆಯ ಟೇಬಲು ಯಾವುದೆಂದು ಹೇಳಬೇಕಾಗಿಲ್ಲ. ನಲ್ಲಿಗೆ ಮೊರ್ಬೆ ಅಣೆಕಟ್ಟಿನಿಂದ ತಿಳಿನೀರು ಬರುತ್ತದೆ, ನಾವು ಬಳಸಿದ್ದು ಪಶ್ಚಿಮಕ್ಕೆ ಥಾಣೆಯ ಖಾಡಿಗೆ ಹೋಗುತ್ತದೆ. ಘಣಸೋಲಿ ಗಾಂವಿನ ಕೋಳಿಗಳು, ಆಗರಿಗಳು ಈ ಸೆಕ್ಟರುಗಳೂ ಸ್ಟೇಶನ್ನೂ ಹುಟ್ಟುವ ಎಷ್ಟೋ ಮುಂಚಿನಿಂದ ಆ ಖಾಡಿಯ ಮೀನು, ಉಪ್ಪು, ಕೆಸರನ್ನು ನಂಬಿ ಬದುಕಿದವರು. ಕಾಂಡ್ಲಾ ಕಾಡಿನ ಆಚೆ ಚಳಿಗಾಲದಿಂದ ಬೇಸಿಗೆಯವರೆಗೆ ನಸುಗೆಂಪು ಫ್ಲೆಮಿಂಗೋಗಳು ಸಾವಿರಗಟ್ಟಲೆ ಬಂದು ಇಳಿಯುತ್ತವೆ. 2015ರಲ್ಲಿ ಅದನ್ನು ಪಕ್ಷಿಧಾಮವೆಂದು ಘೋಷಿಸಿದರು, 2022ರಲ್ಲಿ ರಾಮ್‌ಸಾರ್ ಪಟ್ಟಿಯಲ್ಲಿ ಸೇರಿತು. ಆ ಹಕ್ಕಿಗಳ ಆಹಾರ ಕೆಸರಿನ ನೀಲಿಹಸಿರು ಪಾಚಿ, ಸಣ್ಣಪುಟ್ಟ ಜಲಜೀವಿಗಳು. ಖಾಡಿಗೆ ಬೀಳುವ ಕಾರ್ಖಾನೆಯ ಹೊಲಸು, ಪ್ಲಾಸ್ಟಿಕ್ಕು, ಶುದ್ಧವಾಗದ ಚರಂಡಿ ಇವುಗಳ ಮುಂದೆ ನಮ್ಮ ಬಾಟಲಿಯ ಮೈಕ್ರೋಗ್ರಾಂ ಸಿಹಿ ದೊಡ್ಡ ಅಪರಾಧಿಯೆಂದು ನಾನು ಹೇಳಿದರೆ ತಪ್ಪಾದೀತು. ಇಂಥ ಸಣ್ಣ ಪ್ರಮಾಣದಲ್ಲಿ ಜಲಜೀವಿಗಳು ಸಾಯುವುದಿಲ್ಲವೆಂದೇ ಹೆಚ್ಚಿನ ಪರೀಕ್ಷೆಗಳು ಹೇಳುತ್ತವೆ. ಆದರೆ ಸ್ವೀಡನ್ನಿನವರು 2012ರಲ್ಲಿ ಸುಕ್ರಲೋಸ್ ಬೆರೆಸಿದ ನೀರಿನಲ್ಲಿ ಬಿಟ್ಟ ನೀರುಚಿಗಟಗಳು ಸಾಯದಿದ್ದರೂ ಈಜುವ ರೀತಿ ಬದಲಾದದ್ದನ್ನು ದಾಖಲಿಸಿದ್ದಾರೆ. ಸಾಯಲಿಲ್ಲ ಎಂಬುದು ಕ್ಷೇಮ ಎಂಬುದಕ್ಕೆ ಸಮಾನವೇ? ನಮ್ಮ ಬಗ್ಗೆಯಾದರೆ ಹಾಗೆ ಒಪ್ಪುತ್ತಿದ್ದೆವೆ?

ಇಲ್ಲಿಗೆ ಬಂದ ಮೇಲೆ, ಹಾಗಾದರೆ ಸಕ್ಕರೆ ಸಾಚಾ ಎಂದು ಯಾರಾದರೂ ಭಾವಿಸಿಯಾರು. ನಾನು ಹುಟ್ಟಿದ್ದು ಮಹಾಲಿಂಗಪುರದ ಹತ್ತಿರದ ಹಳ್ಳಿಯಲ್ಲಿ, ಬೆಲ್ಲಕ್ಕೆ ಹೆಸರಾದ ಸೀಮೆ. ಗಾಣದ ಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ರಸದ ವಾಸನೆ ಈಗಲೂ ಮೂಗಿನಲ್ಲಿದೆ. ಆದ್ದರಿಂದಲೇ ಅದರ ಇನ್ನೊಂದು ಮುಖವನ್ನೂ ಬಲ್ಲೆ. ಒಂದು ಕಿಲೋ ಸಕ್ಕರೆಗೆ ಒಂದೂವರೆಯಿಂದ ಎರಡು ಸಾವಿರ ಲೀಟರ್ ನೀರು ಎಂಬ ಲೆಕ್ಕವಿದೆ. ಕಬ್ಬು ಕಡಿಯಲು ಬೀಡ ಜಿಲ್ಲೆಯಿಂದ ಕೊಲ್ಹಾಪುರ, ಸಾಂಗಲಿಗೂ, ನಮ್ಮ ಬೆಳಗಾವಿ, ಬಾಗಲಕೋಟೆಯ ಕಡೆಗೂ ಗಂಡ-ಹೆಂಡಿರು ಜೋಡಿಯಾಗಿ ಬರುತ್ತಾರೆ. ಮುಂಗಡ ಹಣ ಕೊಡುವ ಮುಕಾದಮನ ಲೆಕ್ಕದಲ್ಲಿ ಆ ಇಬ್ಬರು ಸೇರಿ ಒಂದು 'ಕೊಯ್ತಾ', ಅಂದರೆ ಒಂದು ಕುಡುಗೋಲು. ಒಂದು ದಿನ ತಪ್ಪಿದರೆ ದಂಡ. ಮುಟ್ಟಿನ ದಿನಗಳಲ್ಲೂ ಕೆಲಸ ತಪ್ಪಬಾರದೆಂದು ಎಳೆಯ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡ ಹೆಂಗಸರ ಸಂಗತಿ 2019ರಲ್ಲಿ ಬಯಲಾಗಿ ಮಹಾರಾಷ್ಟ್ರ ಸರ್ಕಾರ ಸಮಿತಿ ನೇಮಿಸಬೇಕಾಯಿತು. ಬೀಡ ಜಿಲ್ಲೆಯ 82 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ವಿಚಾರಿಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿಗೆ ಆ ಶಸ್ತ್ರಕ್ರಿಯೆ ಆಗಿತ್ತು. ನಮ್ಮ ಚಹದ ಚಮಚ ಸಕ್ಕರೆಯಲ್ಲಿ ಅವರ ಋಣವಿದೆ. ಇದನ್ನು ನೆನೆದರೆ ಪ್ರಯೋಗಶಾಲೆಯ ಚಿಟಿಕೆ ಪುಡಿಯೇ ವಾಸಿ, ಅದಕ್ಕೆ ಹೊಲ ಬೇಡ, ನೀರು ಬೇಡ, ಕುಡುಗೋಲು ಬೇಡ ಎಂದು ಯಾರಾದರೂ ವಾದಿಸಿದರೆ ಆ ವಾದವನ್ನು ಹಗುರವಾಗಿ ತಳ್ಳಿಹಾಕಲು ನನಗೆ ಧೈರ್ಯವಿಲ್ಲ.

ಆದರೂ ಎರಡರ ನಡುವೆ ಒಂದು ವ್ಯತ್ಯಾಸ ನನಗೆ ಕಾಣುತ್ತದೆ. ಸಕ್ಕರೆಯ ಋಣಕ್ಕೆ ಒಂದು ಮುಖವಿದೆ, ಊರಿದೆ, ಹೆಸರಿದೆ. ಬೀಡದ ಹೆಂಗಸು ಸಮಿತಿಯ ಮುಂದೆ ಬಂದು ಹೇಳಬಲ್ಲಳು. ಕೂಲಿ ಏರಿಸಿ, ದಂಡ ನಿಲ್ಲಿಸಿ, ಕಬ್ಬಿನ ಎಕರೆ ಇಳಿಸಿ ಎಂದು ನಾವು ಕೇಳಬಹುದು, ಕೇಳಲೇಬೇಕು. ಕೃತಕ ಸಿಹಿಯ ಋಣ ಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂಬ ಅಂಕಿಯಾಗಿ ಖಾಡಿಯಲ್ಲಿ ಕರಗುತ್ತದೆ. ಅರ್ಜಿ ಕೊಡಲು ನೀರುಚಿಗಟಕ್ಕೆ ಬಾಯಿಲ್ಲ, ತೀರಿಸಲು ನಮಗೆ ಸಾಲಗಾರ ಯಾರೆಂದೇ ಗೊತ್ತಿಲ್ಲ. ಸಾಲ ಮಾಡಿ ತುಪ್ಪ ತಿನ್ನುವವನನ್ನು ನಮ್ಮ ಗಾದೆ ಗೇಲಿ ಮಾಡುತ್ತದೆ. ಅವನಿಗಾದರೂ ಸಾಲ ಕೊಟ್ಟವನ ಮನೆ ಯಾವುದೆಂಬುದು ತಿಳಿದಿರುತ್ತದೆ. ಇನ್ನು ಬಾಟಲಿ, ಬಾಟಲಿಯೊಳಗಿನ ನೀರು, ಅದನ್ನು ತಣ್ಣಗಿಡುವ ವಿದ್ಯುತ್ತು ಇವಂತೂ ಸಕ್ಕರೆ ಇದ್ದರೂ ಇಲ್ಲದಿದ್ದರೂ ಒಂದೇ. ಆ ಕಾಲಮ್ಮುಗಳಲ್ಲಿ ಯಾವ ಝೀರೋವೂ ಇಲ್ಲ.

ಆಟೋಟದ ಸಭೆಯಲ್ಲಿ ಇಷ್ಟೆಲ್ಲ ಚರ್ಚೆಯಾಗಲಿಲ್ಲ. ಗುಮಾಸ್ತನಿಗೆ ಅಷ್ಟು ಹೊತ್ತು ಮಾತಾಡಲು ಬಿಡುವವರು ಯಾರು? ಮಕ್ಕಳಿಗೆಂದು ಪೆಟ್ಟಿಗೆಗಳನ್ನು ಪಡೆಯುವುದು ಬೇಡವೆಂದು ಮಾತ್ರ ಸ್ವಲ್ಪ ಎಳೆದಾಟದ ನಂತರ ಒಪ್ಪಿಗೆಯಾಯಿತು. ಹಾಗಾಗಿ ಬ್ಯಾನರೂ ಬರಲಿಲ್ಲ, ಶಾಮಿಯಾನದ ಖರ್ಚಿಗೆ ಮನೆಗೊಂದಿಷ್ಟು ವಂತಿಗೆ ಹೆಚ್ಚಾಯಿತು. ಸಕ್ಕರೆ ಕಾಯಿಲೆಯ ಹಿರಿಯರಿಗಾಗಿ ಹಣ ಕೊಟ್ಟೇ ಒಂದು ಪೆಟ್ಟಿಗೆ ತರಿಸಿ ಅವರ ಕುರ್ಚಿಗಳ ಬಳಿ ಇಟ್ಟೆವು. ಕಾಕಾನನ್ನೂ ಡೊಂಬಿವಲಿಯಿಂದ ಕರೆಸಿದ್ದೆ. ಮಕ್ಕಳಿಗೆ ಪಾನಕ ಮಾಡುವುದೆಂದಾಯಿತು. ಲೀಟರಿಗೆ ನೂರು ಗ್ರಾಂ ಬೆಲ್ಲ ಎಂದು ಹೆಂಗಸರು ಹೇಳಿದಾಗ ನಾನು ಕಾಗದದ ಮೇಲೆ ಲೆಕ್ಕ ಹಾಕಿ, ಅದು ಕೋಲಾದಷ್ಟೇ ಸಿಹಿಯಾಗುತ್ತದೆಂದು ತೋರಿಸಿದೆ. ಹಬ್ಬದ ಪಾನಕಕ್ಕೂ ಈ ತಕ್ಕಡಿಯೇ ಎಂದು ಒಬ್ಬ ಅಜ್ಜಿ ನನ್ನನ್ನು ದುರುಗುಟ್ಟಿ ನೋಡಿದರು. ಕೊನೆಗೆ ಲೀಟರಿಗೆ ಐವತ್ತು ಗ್ರಾಂ ಬೆಲ್ಲ, ನಿಂಬೆ, ಏಲಕ್ಕಿ, ಒಣಶುಂಠಿ, ಸ್ವಲ್ಪ ಹೆಚ್ಚೇ ಮೆಣಸು ಹಾಕಿ, ಸ್ಟೀಲಿನ ಲೋಟಗಳಲ್ಲಿ ಕೊಟ್ಟೆವು. ಹಗ್ಗ ಎಳೆದು ಬೆವತಿದ್ದ ಹುಡುಗರಲ್ಲಿ ಅರ್ಧ ಜನ ಮತ್ತೊಂದು ಲೋಟ ಕೇಳಿದರು. ಉಳಿದರ್ಧ ಜನ, "ಅಂಕಲ್, ಸಿಹಿನೇ ಇಲ್ಲ" ಎಂದು ಲೋಟ ಕೆಳಗಿಟ್ಟು ನಲ್ಲಿಯ ಕಡೆ ಓಡಿದರು.